ಪುಟಕ್ಕೆ ಒಂದು ರೂಪಾಯಿ

ಕೊಪ್ಪಳದಲ್ಲಿ ನನ್ನದೊಂದು ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ಇದೆ. ಮದುವೆ ಕಾರ್ಡು, ಅರ್ಜಿ, ಕಾಲೇಜು ಮಕ್ಕಳ ಪ್ರಾಜೆಕ್ಟು, ಊರಿನ ಕವಿಗಳ ಪುಸ್ತಕ. ಹದಿನೆಂಟು ವರ್ಷದಿಂದ ಕನ್ನಡ ಟೈಪ್ ಮಾಡಿಕೊಂಡು ಬಂದಿದ್ದೇನೆ. ಐದು ವರ್ಷದ ಹಿಂದೆ ಕುಷ್ಟಗಿ ಕಡೆಯ ಹಳ್ಳಿಯಿಂದ ಒಬ್ಬ ಹುಡುಗ ಬಂದ. ಕಣ್ಣು ಕಾಣುವುದಿಲ್ಲ. ಕೈಯಲ್ಲಿ 320 ಪುಟದ ಸಾಮಾನ್ಯ ಜ್ಞಾನದ ಪುಸ್ತಕ. ಎಸ್‌ಡಿಎ ಪರೀಕ್ಷೆಗೆ ಓದಬೇಕು, ಸ್ಕ್ಯಾನ್ ಮಾಡಿ ಫೋನಿಗೆ ಹಾಕಿಕೊಡಿ ಅಂದ. ನಾನು ಮಾಡಿಕೊಟ್ಟೆ. ಪುಟಕ್ಕೆ ಎರಡು ರೂಪಾಯಿಯಂತೆ 640 ರೂಪಾಯಿ ತೆಗೆದುಕೊಂಡೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ವಾಪಸ್ ಬಂದಿದ್ದ. "ಅಕ್ಕಾರ, ಇದು ಓದವಲ್ದು ನೋಡ್ರಿ" ಅಂದ. ಫೈಲ್ ತೆಗೆದು ನೋಡಿದೆ. ಎಲ್ಲ ಪುಟವೂ ಇವೆ, ಅಕ್ಷರ ಚೊಕ್ಕ ಕಾಣುತ್ತಿವೆ. ಅವನು ಫೋನನ್ನು ನನ್ನ ಕಿವಿಗೆ ಹಿಡಿದ. ಪುಟ ಒಂದು, ಪುಟ ಎರಡು, ಪುಟ ಮೂರು ಅಂತ ಅಷ್ಟೇ ಹೇಳುತ್ತಿತ್ತು. ಒಳಗಿನ ಒಂದು ಮಾತನ್ನೂ ಹೇಳುತ್ತಿರಲಿಲ್ಲ.

ಆವತ್ತು ನನಗೆ ಗೊತ್ತಾಯಿತು. ನಾನು ಕೊಟ್ಟಿದ್ದು ಪುಸ್ತಕವಲ್ಲ, ಪುಸ್ತಕದ ಫೋಟೋ. ಫೋಟೋದಲ್ಲಿ ಇರುವುದು ಕಪ್ಪು ಬಿಳಿ ಚುಕ್ಕೆ. ಪರದೆಯ ಮೇಲಿನದನ್ನು ಓದಿ ಹೇಳುವ ಫೋನಿನ ಟಾಕ್‌ಬ್ಯಾಕ್‌ಗೆ ಬೇಕಾಗಿದ್ದು ಅಕ್ಷರ. ಅವನ ದುಡ್ಡು ವಾಪಸ್ ಕೊಟ್ಟು, ಎಂಟು ದಿನ ಟೈಮ್ ಕೊಡು ಅಂತ ಕೇಳಿದೆ. ಎಂಟು ದಿನ ಅಂದಿದ್ದು ಇಪ್ಪತ್ತು ದಿನ ಆಯಿತು.

ನಮ್ಮ ಪಕ್ಕದಲ್ಲೇ ಗದಗಿನ ವೀರೇಶ್ವರ ಪುಣ್ಯಾಶ್ರಮ ಇದೆ. ಪುಟ್ಟರಾಜ ಗವಾಯಿಗಳ ಹೆಸರು ಕೇಳದವರು ಈ ಕಡೆ ಇಲ್ಲ. ಹಾಗಾಗಿ ಕಣ್ಣಿಲ್ಲದ ಮಗು ಅಂದರೆ ಸಂಗೀತಕ್ಕೆ ಹಾಕಿ ಅಂತಲೇ ಜನ ಹೇಳುತ್ತಾರೆ. ಅದು ದೊಡ್ಡ ದಾರಿ, ಎರಡು ಮಾತಿಲ್ಲ. ಆದರೆ ಎಲ್ಲರಿಗೂ ಹಾಡು ಬರಬೇಕಲ್ವಾ? ಈ ಹುಡುಗನಿಗೆ ಬೇಕಾಗಿದ್ದು ಇತಿಹಾಸ, ಸಂವಿಧಾನ, ಭೂಗೋಳ. ಅದೂ ಅಂಗಡಿಯಲ್ಲಿ 280 ರೂಪಾಯಿಗೆ ಎಲ್ಲರೂ ಕೊಳ್ಳುವ ಅದೇ ಪುಸ್ತಕ. ಅವನು ಆ 280 ಕೊಟ್ಟಾಗಿತ್ತು. ಮೇಲೆ ಓದುವುದಕ್ಕೆ ಇನ್ನೊಮ್ಮೆ ಕೊಡಬೇಕು. ಈ ಎರಡನೇ ದುಡ್ಡು ಎಷ್ಟು ಕಡಿಮೆ ಆಗಬಹುದು ಅನ್ನುವುದನ್ನೇ ನಾನು ಐದು ವರ್ಷದಿಂದ ಲೆಕ್ಕ ಹಾಕುತ್ತಿದ್ದೇನೆ.

ಮೊದಲು ಹೊಳೆದಿದ್ದು ಪೂರ್ತಿ ಟೈಪ್ ಮಾಡುವುದು. ನಮ್ಮ ಅಂಗಡಿಯ ದರದಲ್ಲಿ ಪುಟಕ್ಕೆ 25 ರೂಪಾಯಿ. 320 ಪುಟಕ್ಕೆ 8000. ಅದನ್ನು ಕೇಳುವ ಬಾಯಿ ನನಗೂ ಬರಲಿಲ್ಲ, ಕೊಡುವ ಶಕ್ತಿ ಅವನಿಗೂ ಇರಲಿಲ್ಲ. ಹಾಗಾಗಿ ಓಸಿಆರ್ ಹಿಡಿದೆ. ಫೋಟೋದಲ್ಲಿನ ಅಕ್ಷರವನ್ನು ಕಂಪ್ಯೂಟರೇ ಗುರುತಿಸಿ ಬರೆದುಕೊಡುವ ಕೆಲಸ ಅದು. ಟೆಸರಾಕ್ಟ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ, ಕನ್ನಡ ಗೊತ್ತು ಅದಕ್ಕೆ, ಇಂಟರ್ನೆಟ್ ಬೇಡ. ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೂ ಅಕ್ಷರವಾಗಿ ಬರುತ್ತದೆ, ಅದಕ್ಕೂ ದುಡ್ಡಿಲ್ಲ. ನನ್ನ ಕೈಗೆ ಎರಡನೆಯದರಲ್ಲಿ ಕನ್ನಡದ ತಪ್ಪು ಕಡಿಮೆ ಕಂಡವು. ಆದರೆ ದೊಡ್ಡ ಫೈಲ್ ಒಮ್ಮೆಗೇ ಕೊಟ್ಟರೆ ನಡುವೆ ಬಿಟ್ಟುಬಿಡುತ್ತಿತ್ತು. ಹತ್ತತ್ತು ಪುಟದ ತುಂಡು ಮಾಡಿ ಕೊಟ್ಟೆ, ಆಗ ಸರಿ ಹೋಯಿತು.

ಸ್ಕ್ಯಾನರ್ ಬಗ್ಗೆ ಒಂದು ಮಾತು ಹೇಳಲೇಬೇಕು. ಈ ಕೆಲಸ ಮಾಡುವ ಆಸೆ ಇರುವವರು ಮೊದಲು ಕೇಳುವುದೇ ಯಾವ ಮಷೀನ್ ಕೊಳ್ಳಬೇಕು ಅಂತ. ಯಾವುದೂ ಬೇಡ. ನನ್ನ ಹತ್ತಿರ ಅಂಗಡಿಯ ಸ್ಕ್ಯಾನರ್ ಇತ್ತು. ಅದರ ಗಾಜಿನ ಮೇಲೆ ಪುಸ್ತಕ ಮಗುಚಿ ಒತ್ತಿ ಹಿಡಿದು, ಎತ್ತಿ, ಹಾಳೆ ತಿರುವಿ, ಮತ್ತೆ ಒತ್ತಿ, ಹೀಗೆ 160 ಸಲ ಮಾಡುವುದಕ್ಕೆ ಎರಡು ಗಂಟೆ ಹಿಡಿಯಿತು. ಬೈಂಡಿಂಗ್ ಬಾಯಿ ಬಿಟ್ಟಿತು. ನಡುವಿನ ಮಡಿಕೆಯ ಅಕ್ಷರ ಮಾತ್ರ ಮಸುಕು. ಈಗ ಫೋನಿನಲ್ಲೇ ತೆಗೆಯುತ್ತೇನೆ. ಬಡಿಗೇರರ ಹತ್ತಿರ 600 ರೂಪಾಯಿಗೆ ಒಂದು ಕಟ್ಟಿಗೆ ಸ್ಟ್ಯಾಂಡ್ ಮಾಡಿಸಿದೆ. ಮೇಲೆ ಫೋನ್ ಮಲಗುತ್ತದೆ, ಕೆಳಗೆ ಪುಸ್ತಕ. ಹಾಳೆ ಏಳದಂತೆ ಮೇಲೊಂದು 150 ರೂಪಾಯಿಯ ಗಾಜು.

1/8 ಡೆಮಿ, ಅಂದರೆ ಸಾಮಾನ್ಯ ಅಳತೆಯ ಪುಸ್ತಕ ತೆರೆದಿಟ್ಟರೆ ಹೆಚ್ಚು ಕಡಿಮೆ ಎ4 ಹಾಳೆಯಷ್ಟು ಆಗುತ್ತದೆ. ಓಸಿಆರ್‌ಗೆ ಇಂಚಿಗೆ 300 ಚುಕ್ಕೆ ಇದ್ದರೆ ಚೆನ್ನ. ಎ4 ಹಾಳೆಗೆ ಅದು ಸುಮಾರು 87 ಲಕ್ಷ ಚುಕ್ಕೆ. 12 ಮೆಗಾಪಿಕ್ಸೆಲ್ ಫೋನ್ ಅಂದರೆ 1 ಕೋಟಿ 20 ಲಕ್ಷ. ಅಂದರೆ ಎಲ್ಲರ ಜೇಬಿನಲ್ಲೂ ಸಾಕಾಗುವಷ್ಟು ಸ್ಕ್ಯಾನರ್ ಇದೆ. ಬೆಳಕು ಮಾತ್ರ ಎರಡೂ ಪಕ್ಕದಿಂದ ಬರಬೇಕು. ಫ್ಲ್ಯಾಶ್ ಹಾಕಿದರೆ ಗಾಜು ಹೊಳೆಯುತ್ತದೆ, ನಡುವೆ ಬಿಳಿ ಮಚ್ಚೆ ಬೀಳುತ್ತದೆ. ನಾನು ಬೆಳಿಗ್ಗೆ ಎಂಟರಿಂದ ಒಂಬತ್ತು, ಬಾಗಿಲ ಪಕ್ಕ ಕುಳಿತು ತೆಗೆಯುತ್ತೇನೆ. ಅಷ್ಟೊತ್ತಿಗೆ ಬಿಸಿಲು ನೇರ ಒಳಗೆ ಬಂದಿರುವುದಿಲ್ಲ, ಕರೆಂಟ್ ಹೋದರೂ ಚಿಂತೆ ಇಲ್ಲ. 160 ಫೋಟೋ ಇಪ್ಪತ್ತು ನಿಮಿಷ. ಎರಡು ಪುಟ ಬೇರೆ ಮಾಡಿ, ಅಂಚು ಕತ್ತರಿಸಿ, ಸೊಟ್ಟ ತಿದ್ದುವುದಕ್ಕೆ ಸ್ಕ್ಯಾನ್ ಟೇಲರ್ ಅಂತ ಇನ್ನೊಂದು ಪುಕ್ಕಟೆ ಸಾಫ್ಟ್‌ವೇರ್. ಕೈ ಪಳಗಿದ ಮೇಲೆ ಇದು ಮತ್ತು ಓಸಿಆರ್ ಸೇರಿ ಒಂದು ಗಂಟೆ.

ಇಷ್ಟಕ್ಕೆ ಮುಗಿಯಿತು ಅಂದುಕೊಂಡಿದ್ದೆ. ನಿಜವಾದ ಖರ್ಚು ಇಲ್ಲಿಂದ ಶುರು.

ಕನ್ನಡದ ಒತ್ತಕ್ಷರ ಓಸಿಆರ್‌ಗೆ ಕಷ್ಟ. ಸಾಲಿನ ಕೆಳಗೆ ಇಳಿದಿರುವ ಒತ್ತನ್ನು ಕೆಲವೊಮ್ಮೆ ಬಿಟ್ಟೇ ಬಿಡುತ್ತದೆ. ‘ಮ’ ಇದ್ದಲ್ಲಿ ‘ವು’, ‘ಘ’ ಇದ್ದಲ್ಲಿ ‘ಫ’, ‘ಧ’ ಇದ್ದಲ್ಲಿ ‘ಥ’. ಅರ್ಕಾವತ್ತು ನೋಡಲು ಕನ್ನಡದ ಒಂಬತ್ತರ ಹಾಗೇ ಇದೆ, ಅದನ್ನು ಅಂಕಿ ಅಂತ ತಿಳಿದುಬಿಡುತ್ತದೆ. ಎಲ್ಲಕ್ಕಿಂತ ಕಾಟ ಕೊಟ್ಟಿದ್ದು ಸೊನ್ನೆ. ‘ಬಂದ’ ಅನ್ನುವಲ್ಲಿ ಅನುಸ್ವಾರದ ಬದಲು ಕನ್ನಡದ ಅಂಕಿ ಸೊನ್ನೆ ಬಂದು ಕೂರುತ್ತದೆ. ಕಣ್ಣಿಗೆ ಎರಡೂ ಒಂದೇ. ಫೋನಿಗೆ ಅಲ್ಲ. ಅದು ಪದವನ್ನು ಮುರಿದು ಓದುತ್ತದೆ. ಕನ್ನಡ ಟೈಪ್ ಮಾಡುವವರಲ್ಲೂ ಎಷ್ಟೋ ಜನ ಅಂಕಿ ಸೊನ್ನೆಯನ್ನೇ ಅನುಸ್ವಾರಕ್ಕೆ ಹಾಕುತ್ತಾರೆ, ಕಾಣಿಸುವುದು ಸರಿ ಇದೆಯಲ್ಲ ಅಂತ. ದಯವಿಟ್ಟು ಹಾಗೆ ಮಾಡಬೇಡಿ. ಕೇಳಿ ಓದುವವರಿಗೆ ಆ ಪದ ಹಾಳಾಗುತ್ತದೆ. ಅಕ್ಷರದ ಮಗ್ಗುಲಲ್ಲಿ ಬಂದ ಸೊನ್ನೆಗಳನ್ನೆಲ್ಲ ಹುಡುಕಿ ಬದಲಿಸುವ ಆಜ್ಞೆ ಕೊಟ್ಟರೆ ಒಂದೇ ಸಲಕ್ಕೆ ಸರಿಯಾಗುತ್ತವೆ. ಉಳಿದವನ್ನು ಮಾತ್ರ ಕಣ್ಣಿನಿಂದಲೇ ಹುಡುಕಬೇಕು.

ಮೊದಲ ಪುಸ್ತಕದ ಪ್ರೂಫ್ ಪೂರ್ತಿ ನೋಡಿದೆ. ಪುಟಕ್ಕೆ ನಾಲ್ಕು ನಿಮಿಷ ಹಿಡಿಯಿತು. 320 ಪುಟಕ್ಕೆ ಇಪ್ಪತ್ತೊಂದು ಗಂಟೆ ಮೇಲಾಯಿತು. ನಮ್ಮಲ್ಲಿ ಆಪರೇಟರ್‌ಗೆ ಗಂಟೆಗೆ 60 ರೂಪಾಯಿ ಬೀಳುತ್ತದೆ. ಆ ಲೆಕ್ಕದಲ್ಲಿ 1280 ರೂಪಾಯಿ. 8000ಕ್ಕೆ ಹೋಲಿಸಿದರೆ ಕಡಿಮೆಯೇ. ಆದರೂ ಪುಸ್ತಕದ ಬೆಲೆಯ ನಾಲ್ಕೂವರೆ ಪಟ್ಟು. ಒಂದೇ ಸಮಾಧಾನ ಅಂದರೆ ಫೈಲ್ ಚಿಕ್ಕದಾಯಿತು. ಫೋಟೋ ಪಿಡಿಎಫ್ 90 ಎಂಬಿ ಇತ್ತು, ಬರೀ ಅಕ್ಷರದ್ದು ಒಂದೂಕಾಲು ಎಂಬಿ. ನೆಟ್‌ವರ್ಕ್ ಇಲ್ಲದ ಹಳ್ಳಿಗೂ ಹೋಗಿ ಮುಟ್ಟುತ್ತದೆ.

ದಾರಿ ತೋರಿಸಿದ್ದು ಅದೇ ಹುಡುಗ. ಎರಡನೇ ಪುಸ್ತಕ ಮಾಡುವಾಗ ಅವನಿಗೆ ತಡೆಯಲಾಗಲಿಲ್ಲ, ಪರೀಕ್ಷೆ ಹತ್ತಿರ ಬಂದಿತ್ತು. "ತಪ್ಪಿದ್ರ ಇರ್ಲಿ, ಹಂಗ ಕೊಡ್ರಿ ಅಕ್ಕಾರ, ನನಗ ತಿಳೀತದ" ಅಂದ. ಹಾಗೇ ಕೊಟ್ಟೆ. ವಾರ ಬಿಟ್ಟು ಫೋನ್ ಮಾಡಿ, ಪುಟ 112ರಲ್ಲಿ ಎರಡನೇ ಪ್ಯಾರಾ, ಪುಟ 140ರಲ್ಲಿ ಕೊನೆಯ ಸಾಲು ಅಂತ ಒಂದೊಂದೇ ಹೇಳತೊಡಗಿದ. ನಾನು ತೆಗೆದು ನೋಡಿದರೆ ಅವನು ಹೇಳಿದ ಕಡೆಯೆಲ್ಲ ತಪ್ಪು ಇತ್ತು. ಕನ್ನಡ ಬಲ್ಲ ಕಿವಿಗೆ ‘ಮಳೆ’ ‘ವುಳೆ’ ಆದರೆ ತಕ್ಷಣ ಚುಚ್ಚುತ್ತದೆ. ಕಣ್ಣು ಎಷ್ಟೋ ಸಲ ದಾಟಿಕೊಂಡು ಹೋಗಿಬಿಡುತ್ತದೆ.

ಆದರೆ ಆ ಪುಸ್ತಕದಲ್ಲಿ ಅವನು ಹಿಡಿಯದ ತಪ್ಪೊಂದು ಇತ್ತು. ಮಸ್ಕಿಯ ಅಶೋಕನ ಶಾಸನ ಸಿಕ್ಕಿದ್ದು 1915ರಲ್ಲಿ. ಓಸಿಆರ್ ಅದನ್ನು 1975 ಮಾಡಿತ್ತು. ಅವನು 1975 ಅಂತಲೇ ಕಲಿತುಕೊಂಡಿದ್ದ. ತುಂಗಭದ್ರಾ ಅಣೆಕಟ್ಟಿನ 33 ಗೇಟು 38 ಆಗಿತ್ತು. ನೋಡಿ, ಮುರಿದ ಪದ ಕಿವಿಗೆ ಸಿಗುತ್ತದೆ. ತಪ್ಪು ಅಂಕಿ ಸಿಗುವುದಿಲ್ಲ. 1975 ಕೂಡ ಸರಿಯಾದ ಇಸವಿಯ ಹಾಗೇ ಕೇಳುತ್ತದೆ. ಮಸ್ಕಿ ನಮ್ಮ ಪಕ್ಕದ ರಾಯಚೂರು ಜಿಲ್ಲೆ. ನಮ್ಮ ಕಡೆಯ ಹುಡುಗ ಅದನ್ನೇ ತಪ್ಪು ಕಲಿತು ಪರೀಕ್ಷೆಗೆ ಹೋಗುವ ಹಾಗಾಯಿತು. ಆ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಲ್ಲಿಂದ ಕೆಲಸ ಹಂಚಿಕೊಂಡೆವು. ಅಂಕಿ ಪೂರ್ತಿ ನನ್ನದು. ಇಸವಿ, ವಿಧಿ ಸಂಖ್ಯೆ, ಮೊತ್ತ, ಉತ್ತರಗಳ ಕ್ರಮಸಂಖ್ಯೆ, ಎಲ್ಲವನ್ನೂ ಮೂಲ ಪುಸ್ತಕದ ಜೊತೆ ಒಂದೊಂದಾಗಿ ತಾಳೆ ನೋಡುತ್ತೇನೆ. ಜನರ ಹೆಸರು, ಊರಿನ ಹೆಸರೂ ನನ್ನವೇ. ಉಳಿದ ಅಕ್ಷರ ಓದುವವರದು. ಅವರು ಹೇಗೂ ಓದುತ್ತಾರೆ, ಓದುತ್ತಾ ಎಡವಿದಲ್ಲಿ ಪುಟ ಸಂಖ್ಯೆ ಹೇಳಿ ವಾಯ್ಸ್ ಮೆಸೇಜ್ ಕಳಿಸುತ್ತಾರೆ. ನಾನು ತಿದ್ದಿ ಹೊಸ ಫೈಲ್ ಕಳಿಸುತ್ತೇನೆ. ಅಂಕಿ ನೋಡಲು ಮೂರು ಗಂಟೆ, ತಲೆಬರಹ ಮತ್ತು ಕೋಷ್ಟಕಕ್ಕೆ ಒಂದು ಗಂಟೆ. ಫೋಟೋ, ಓಸಿಆರ್ ಸೇರಿಸಿದರೆ ಒಟ್ಟು ಐದು ಗಂಟೆ ಇಪ್ಪತ್ತು ನಿಮಿಷ. 320 ಪುಟಕ್ಕೆ 320 ರೂಪಾಯಿ. ಪುಟಕ್ಕೆ ಒಂದು ರೂಪಾಯಿ ಅನ್ನುವ ಲೆಕ್ಕ ಹೀಗೆ ಕೂಡಿ ಬಂತು.

ಕೋಷ್ಟಕ ಅಂದೆನಲ್ಲ, ಅದನ್ನು ಇದ್ದ ಹಾಗೇ ಬಿಡಬಾರದು. ನದಿಗಳ ಹೆಸರು ಒಂದು ಕಡೆ, ಹುಟ್ಟುವ ಜಾಗ ಇನ್ನೊಂದು ಕಡೆ ಇದ್ದರೆ ಓಸಿಆರ್ ಮೊದಲು ಎಲ್ಲ ನದಿ, ಆಮೇಲೆ ಎಲ್ಲ ಊರು ಬರೆದುಬಿಡುತ್ತದೆ. ಕೇಳುವವರಿಗೆ ಯಾವುದಕ್ಕೆ ಯಾವುದು ಅಂತ ತಿಳಿಯುವುದಿಲ್ಲ. ಹಾಗಾಗಿ ವಾಕ್ಯ ಮಾಡುತ್ತೇನೆ. ‘ಕೃಷ್ಣಾ, ಹುಟ್ಟುವುದು ಮಹಾಬಳೇಶ್ವರದಲ್ಲಿ.’ ಅಷ್ಟೇ ಸಾಕು. ತಲೆಬರಹಕ್ಕೆ ಅಕ್ಷರ ದಪ್ಪ ಮಾಡಿದರೆ ಪ್ರಯೋಜನವಿಲ್ಲ, ಹೆಡಿಂಗ್ ಸ್ಟೈಲ್ ಅನ್ನೇ ಕೊಡಬೇಕು. ಕಂಪ್ಯೂಟರ್‌ನಲ್ಲಿ ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್, ಅಂದರೆ ಪರದೆ ಓದಿ ಹೇಳುವ ಸಾಫ್ಟ್‌ವೇರ್, ಬಳಸುವವರು ಎಚ್ ಕೀಲಿ ಒತ್ತುತ್ತಾ ಅಧ್ಯಾಯದಿಂದ ಅಧ್ಯಾಯಕ್ಕೆ ಜಿಗಿಯುತ್ತಾರೆ. ಹೆಡಿಂಗ್ ಇಲ್ಲದಿದ್ದರೆ 200ನೇ ಪುಟಕ್ಕೆ ಹೋಗಲು ಮೊದಲಿನಿಂದ ಸವೆಸಬೇಕು. ಆ ಎನ್‌ವಿಡಿಎ ಕೂಡ ಪುಕ್ಕಟೆ. ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು ಕಟ್ಟಿ ಬೆಳೆಸಿದ್ದು, ಶುರುವಾಗಿದ್ದು 2006ರಲ್ಲಿ. ಸಾವಿರಾರು ರೂಪಾಯಿ ಕೊಟ್ಟು ಸಾಫ್ಟ್‌ವೇರ್ ಕೊಳ್ಳಲಾಗದ ನಮ್ಮ ಕಡೆಯ ಮಕ್ಕಳಿಗೆ ಅವರ ಋಣ ದೊಡ್ಡದು.

ಜೆರಾಕ್ಸ್ ಅಂಗಡಿಯವರಿಗೆ ಪುಸ್ತಕ ನಕಲು ಮಾಡುವುದು ಅಂದರೆ ಒಳಗೊಳಗೇ ಭಯ. ನನಗೂ ಇತ್ತು. ಪರಿಚಯದ ವಕೀಲರೊಬ್ಬರು ಕಾನೂನು ತೆಗೆದು ಓದಿಸಿದರು. 2012ರಲ್ಲಿ ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಆಯಿತು. ಅಂಗವಿಕಲರು ಓದಲು ಆಗುವಂಥ ರೂಪಕ್ಕೆ ಪುಸ್ತಕವನ್ನು ತಂದು, ಅವರ ಸ್ವಂತ ಓದಿಗೆ, ಶಿಕ್ಷಣಕ್ಕೆ, ಸಂಶೋಧನೆಗೆ ಯಾರು ಬೇಕಾದರೂ ಕೊಡಬಹುದು. ಅದಕ್ಕೆ ಪ್ರಕಾಶಕರ ಅನುಮತಿ ಬೇಕಿಲ್ಲ. ಸಂಸ್ಥೆಗಳು ಮಾಡಿದರೆ ಲಾಭ ಇಟ್ಟುಕೊಳ್ಳಬಾರದು, ತಯಾರಿಸಿದ ಖರ್ಚಷ್ಟೇ ತೆಗೆದುಕೊಳ್ಳಬೇಕು. ಪ್ರತಿ ಬೇರೆಯವರ ಕೈಗೆ ಹೋಗದಂತೆ ನೋಡಿಕೊಳ್ಳಬೇಕು. ಇದೇ ವಿಷಯಕ್ಕೆ 2013ರಲ್ಲಿ ಮರಕೇಶ್ ಒಪ್ಪಂದ ಆಯಿತು. ಅದನ್ನು ಎಲ್ಲರಿಗಿಂತ ಮೊದಲು, 2014ರಲ್ಲಿ, ಅನುಮೋದಿಸಿದ ದೇಶ ನಮ್ಮದು. ಇದನ್ನು ಓದಿದಾಗ ನನಗೆ ನಿಜಕ್ಕೂ ಹೆಮ್ಮೆ ಆಯಿತು.

ಆವತ್ತಿನಿಂದ ಈ ಕೆಲಸಕ್ಕೆ ಬೇರೆ ಲೆಕ್ಕದ ಪುಸ್ತಕ ಇಟ್ಟೆ. ಅಂಗಡಿಯ ದುಡ್ಡಿನ ಜೊತೆ ಬೆರೆಸುವುದಿಲ್ಲ. ಒಮ್ಮೆ ಮಾತ್ರ ದೊಡ್ಡ ತಪ್ಪಾಯಿತು. ನಾನು ಕೊಟ್ಟ ಫೈಲ್ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗಿ, ಪರೀಕ್ಷೆಗೆ ಓದುವವರ ದೊಡ್ಡ ವಾಟ್ಸಾಪ್ ಗುಂಪಿಗೆ ಬಿತ್ತು. ಕಣ್ಣು ಕಾಣುವವರೆಲ್ಲ ಇಳಿಸಿಕೊಂಡರು. ಪುಸ್ತಕ ಬರೆದವರ ಹೊಟ್ಟೆಯ ಮೇಲೆ ಹೊಡೆದ ಹಾಗಾಯಿತು. ನಾನೇ ಅವರಿಗೆ ಫೋನ್ ಮಾಡಿ ನಡೆದಿದ್ದನ್ನು ಹೇಳಿ ಕ್ಷಮೆ ಕೇಳಿದೆ. ಈಗ ಅಂಗವಿಕಲರ ಗುರುತಿನ ಚೀಟಿ ನೋಡದೆ ಯಾರಿಗೂ ಕೊಡುವುದಿಲ್ಲ. ಫೈಲಿನ ಮೊದಲ ಸಾಲಿನಲ್ಲೇ, ಇದು ಯಾರಿಗಾಗಿ ಮಾಡಿದ್ದು, ಯಾಕೆ ಹಂಚಬಾರದು ಅಂತ ಬರೆದಿರುತ್ತೇನೆ. ಅದು ಮೊದಲು ಕಿವಿಗೆ ಬೀಳುತ್ತದೆ.

ಮೂರನೇ ವರ್ಷ ಸಿಂಧನೂರಿನಿಂದ ಒಬ್ಬರು ಶಿಕ್ಷಕಿ ಫೋನ್ ಮಾಡಿದ್ದರು. ಅವರಿಗೂ ದೃಷ್ಟಿ ಇಲ್ಲ. ಮಾತಿನ ನಡುವೆ ತಿಳಿಯಿತು, ನಾನು ಆಗಲೇ ಮಾಡಿ ಇಟ್ಟಿದ್ದ ಒಂದು ಪುಸ್ತಕವನ್ನು ಅವರು ಬೇರೆ ಕಡೆ 1500 ರೂಪಾಯಿ ಕೊಟ್ಟು ಮಾಡಿಸಿದ್ದರು. ಅದೇ ಪುಸ್ತಕ, ಅದೇ ಮುದ್ರಣ. ನನ್ನ ಕಂಪ್ಯೂಟರ್‌ನಲ್ಲಿ ಅದು ಸುಮ್ನೆ ಕೂತಿತ್ತು. ಎಷ್ಟು ಅನ್ಯಾಯ ಅನ್ನಿಸಿತು. ನಾನು ಪುಟದ ಖರ್ಚು ಇಳಿಸುವುದರಲ್ಲೇ ಮುಳುಗಿದ್ದೆ. 320 ರೂಪಾಯಿ ಒಬ್ಬರ ತಲೆಯ ಮೇಲೆ ಬಿದ್ದರೆ 320. ಹನ್ನೆರಡು ಜನ ಓದಿದರೆ ತಲೆಗೆ 27. ಹಂಚದೆ ಇಟ್ಟುಕೊಂಡ ಫೈಲು ಎಷ್ಟು ಅಗ್ಗದಲ್ಲಿ ಆಗಿದ್ದರೂ ತುಟ್ಟಿಯೇ.

ಹಂಚುವುದಕ್ಕೆ ಸರಿಯಾದ ಜಾಗ ಇದೆ. ಸುಗಮ್ಯ ಪುಸ್ತಕಾಲಯ ಅಂತ ಒಂದು ಆನ್‌ಲೈನ್ ಗ್ರಂಥಾಲಯ, 2016ರಲ್ಲಿ ಕೇಂದ್ರ ಸರ್ಕಾರದ ಅಂಗವಿಕಲರ ಸಬಲೀಕರಣ ಇಲಾಖೆ, ಇಂಥ ಪುಸ್ತಕ ಮಾಡುವ ಸಂಸ್ಥೆಗಳ ಒಕ್ಕೂಟ ಡೈಸಿ ಫೋರಂ ಆಫ್ ಇಂಡಿಯಾ ಮತ್ತು ಸಾಫ್ಟ್‌ವೇರ್ ಕಂಪನಿ ಟಿಸಿಎಸ್ ಸೇರಿ ಶುರು ಮಾಡಿದ್ದು. ಅಚ್ಚಿನ ಪುಸ್ತಕ ಓದಲಾಗದವರು ಒಂದು ಸದಸ್ಯ ಸಂಸ್ಥೆಯ ಮೂಲಕ ಹೆಸರು ನೋಂದಾಯಿಸಿಕೊಂಡರೆ ಅಲ್ಲಿಂದ ಪುಸ್ತಕ ಇಳಿಸಿಕೊಳ್ಳಬಹುದು. ಈಗ ನನ್ನ ಹತ್ತಿರ ಯಾರೇ ಪುಸ್ತಕ ತಂದರೂ ಮೊದಲು ಅಲ್ಲಿ ಇದೆಯಾ ನೋಡುತ್ತೇನೆ. ಲೇಖಕರು ತೀರಿಕೊಂಡು 60 ವರ್ಷ ದಾಟಿ ಕೃತಿಸ್ವಾಮ್ಯ ಮುಗಿದಿದ್ದರೆ ಪುಕ್ಕಟೆ ಪುಸ್ತಕಗಳ ಜಾಲತಾಣ ಕನ್ನಡ ವಿಕಿಸೋರ್ಸ್‌ನಲ್ಲಿ ಹುಡುಕುತ್ತೇನೆ, ಅಲ್ಲಿರುವುದು ಅಕ್ಷರವೇ. ಎಲ್ಲೂ ಇಲ್ಲದಿದ್ದರೆ ಮಾತ್ರ ಸ್ಟ್ಯಾಂಡ್ ಹೊರಗೆ ಬರುತ್ತದೆ. ಕನ್ನಡದ ಹೊಸ ಪುಸ್ತಕಗಳ ವಿಷಯದಲ್ಲಿ ಅದು ಬಹಳ ಸಲ ಬರಬೇಕಾಗುತ್ತದೆ.

ಹೋದ ವರ್ಷ ಯಲಬುರ್ಗಾ ಕಡೆಯ ಲೇಖಕರೊಬ್ಬರ ಕಥಾ ಸಂಕಲನ ಬೇಕು ಅಂತ ಒಬ್ಬರು ಕೇಳಿದರು. ಪುಸ್ತಕ ನೋಡಿದ ಕೂಡಲೇ ಗುರುತು ಸಿಕ್ಕಿತು. 2011ರಲ್ಲಿ ಅದನ್ನು ಟೈಪ್ ಮಾಡಿದ್ದು ನಾನೇ! ಹಳೆಯ ಹಾರ್ಡ್ ಡಿಸ್ಕ್ ಹುಡುಕಿದೆ. ಪುಟ ಜೋಡಿಸುವ ಪೇಜ್‌ಮೇಕರ್ ಸಾಫ್ಟ್‌ವೇರಿನ ಫೈಲ್, ನುಡಿ ಫಾಂಟಿನ ಅಕ್ಷರ. ನುಡಿಯ ಹಳೆಯ ಅಕ್ಷರವನ್ನು ಸ್ಕ್ರೀನ್ ರೀಡರ್ ಓದುವುದಿಲ್ಲ, ಅದಕ್ಕೆ ಅದು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು. ಆದರೆ ಎಲ್ಲ ಫೋನು, ಕಂಪ್ಯೂಟರಿಗೂ ಅಕ್ಷರವಾಗಿಯೇ ತಿಳಿಯುವ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಪಠ್ಯ ಹೊರತೆಗೆದು ಹಾಕಿದೆ. ಹತ್ತು ನಿಮಿಷ. ಒಂದು ಅಂಕಿ ತಪ್ಪಿಲ್ಲ, ಒಂದು ಒತ್ತು ಬಿಟ್ಟಿಲ್ಲ. ಫೋಟೋ ಇಲ್ಲ, ಓಸಿಆರ್ ಇಲ್ಲ, ಪ್ರೂಫ್ ಇಲ್ಲ. ಲೇಖಕರಿಗೆ ಕೇಳಿದೆ, "ಅದಕ್ಕೇನವ್ವಾ, ಧಾರಾಳವಾಗಿ ಕೊಡು" ಅಂದರು.

ಆ ಹತ್ತು ನಿಮಿಷ ನನ್ನ ಐದು ವರ್ಷದ ಲೆಕ್ಕವನ್ನೇ ಬದಲಿಸಿತು. ಈಚಿನ ಇಪ್ಪತ್ತೈದು ವರ್ಷದ ಕನ್ನಡ ಪುಸ್ತಕಗಳು ಹೆಚ್ಚುಕಡಿಮೆ ಎಲ್ಲವೂ ಒಂದಲ್ಲ ಒಂದು ಡಿಟಿಪಿ ಅಂಗಡಿಯ ಕಂಪ್ಯೂಟರ್‌ನಲ್ಲಿ ಅಕ್ಷರವಾಗಿಯೇ ಇದ್ದವು. ನಾವೇ ಅದನ್ನು ಕಾಗದಕ್ಕೆ ಇಳಿಸಿದೆವು. ಈಗ ಆ ಕಾಗದದ ಫೋಟೋ ತೆಗೆದು, ಮತ್ತೆ ಅಕ್ಷರ ಮಾಡಿ, ತಪ್ಪು ತಿದ್ದಿ ಕೊಡಲು ಕಣ್ಣಿಲ್ಲದವರ ಹತ್ತಿರ ದುಡ್ಡು ಕೇಳುತ್ತಿದ್ದೇವೆ. ಮೂಲ ಫೈಲ್ ಸಿಕ್ಕರೆ ಪುಟಕ್ಕೆ ಒಂದು ರೂಪಾಯಿಯೂ ಜಾಸ್ತಿಯೇ.

ಅಂದಿನಿಂದ ಗಂಗಾವತಿ, ಕುಷ್ಟಗಿ, ಬಳ್ಳಾರಿಯ ಡಿಟಿಪಿ ಗೆಳೆಯರಿಗೆಲ್ಲ ಫೋನ್ ಮಾಡುತ್ತಿದ್ದೇನೆ. ಹಳೆಯ ಫೈಲ್ ಅಳಿಸಬೇಡಿ, ಲೇಖಕರನ್ನು ಒಂದು ಮಾತು ಕೇಳಿ ನನಗೆ ಕೊಡಿ ಅಂತ. ಕೆಲವರು ಕೊಟ್ಟಿದ್ದಾರೆ. ಕೆಲವರ ಹಾರ್ಡ್ ಡಿಸ್ಕ್ ಆಗಲೇ ಗುಜರಿಗೆ ಹೋಗಿದೆ. ಪ್ರಕಾಶಕರಲ್ಲಿ ಒಬ್ಬರು ಒಪ್ಪಿದರು, ಇಬ್ಬರು ಬೇಡ ಅಂದರು. ಅವರ ಭಯ ನನಗೆ ಅರ್ಥವಾಗುತ್ತದೆ, ವಾಟ್ಸಾಪ್ ಗುಂಪಿನಲ್ಲಿ ಆಗಿದ್ದನ್ನು ನಾನೇ ಕಂಡಿದ್ದೇನೆ. ಗುರುತಿನ ಚೀಟಿ ನೋಡಿ ಯಾರಿಗೆ ಕೊಟ್ಟಿದ್ದೇನೆ ಅನ್ನುವ ಲೆಕ್ಕದ ಪುಸ್ತಕ ತೆಗೆದುಕೊಂಡು ಹೋಗಿ ಇನ್ನೊಮ್ಮೆ ಕೇಳುತ್ತೇನೆ.

ಆ ಹುಡುಗ ಇನ್ನೂ ಪರೀಕ್ಷೆ ಬರೆಯುತ್ತಿದ್ದಾನೆ. ಈಗ ಅವನ ಜೊತೆ ಇನ್ನೂ ಮೂವರು ತಪ್ಪು ಹಿಡಿಯುವವರಿದ್ದಾರೆ, ಸಂಜೆ ಏಳರ ಮೇಲೆ ನನ್ನ ಫೋನಿಗೆ ಪುಟ ಸಂಖ್ಯೆಗಳು ಬರತೊಡಗುತ್ತವೆ.

ರಾಯಚೂರಿನಲ್ಲಿ ಮುಚ್ಚಿದ ಪ್ರೆಸ್ ಒಂದರ ಮಾಲೀಕರು ಮೊನ್ನೆ ಫೋನ್ ಮಾಡಿದ್ದರು. ಅಟ್ಟದ ಮೇಲೆ ಎರಡು ಡಬ್ಬಿ ಸಿಡಿ ಇವೆಯಂತೆ, 2002ರಿಂದ ಅಚ್ಚು ಹಾಕಿದ ಪುಸ್ತಕಗಳು. ಓದುತ್ತವೋ ಇಲ್ಲವೋ ನೋಡಬೇಕು. ನಮ್ಮ ಅಂಗಡಿಯ ಹಳೆಯ ಸಿಡಿ ಡ್ರೈವ್ ಅನ್ನು ಒರೆಸಿ ಚೀಲಕ್ಕೆ ಹಾಕಿಕೊಂಡಿದ್ದೇನೆ. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ಹೋಗುತ್ತೇನೆ. ಸಿಂಧನೂರಿನ ಶಿಕ್ಷಕಿ ಅಲ್ಲಿ ಹತ್ತಿಕೊಳ್ಳುತ್ತೇನೆ ಅಂದಿದ್ದಾರೆ. ಯಾವ ಪುಸ್ತಕ ಮೊದಲು ಮಾಡಬೇಕು ಅಂತ ಅವರೇ ಆರಿಸುತ್ತಾರೆ.